ಉತ್ತರ ಗೊತ್ತಿದ್ದವನಿಗೂ ಒಗಟು

ಹೋದ ಯುಗಾದಿಯಂದು ಶಿಡ್ಲಘಟ್ಟದ ದೊಡ್ಡಪ್ಪನ ಮನೆಯಲ್ಲಿ ನಮ್ಮ ಭಾವ ಆಡಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಒಬ್ಬಟ್ಟಿನ ಊಟ ಮುಗಿಸಿ ಐದಾರು ಜನ ಜಗಲಿಯ ಮೇಲೆ ಕೂತು, ಚಿಕ್ಕಂದಿನಲ್ಲಿ ಆಡಿದ ವಿಡಿಯೋ ಗೇಮ್‌ಗಳ ಮೇಲೆ ಒಗಟು ಕಟ್ಟಿ ಕೇಳುತ್ತಿದ್ದೆವು. ಒಬ್ಬರು ಸುಳಿವು ಕೊಡುವುದು, ಮಿಕ್ಕವರು ಯಾವ ಆಟವೆಂದು ಊಹಿಸುವುದು. ಭಾವ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, "ಇದರಲ್ಲಿ ಊಹೆ ಎಲ್ಲಿದೆ? ಆಡಿದವನಿಗೆ ಗೊತ್ತು, ಆಡದವನಿಗೆ ಏಳು ಜನ್ಮಕ್ಕೂ ಗೊತ್ತಾಗಲ್ಲ. ಒಬ್ಬನಿಗೆ ಇದು ಒಗಟೇ ಅಲ್ಲ, ಇನ್ನೊಬ್ಬನಿಗೆ ಬಿಡಿಸೋಕೇ ಆಗಲ್ಲ. ನೆನಪಿನ ಪರೀಕ್ಷೆಗೆ ಒಗಟು ಅಂತ ಹೆಸರಿಟ್ಟಿದ್ದೀರಿ" ಎಂದರು.

ನನಗೆ ಸಿಟ್ಟು ಬಂತು. ಭಾವ ಗೌರಿಬಿದನೂರಿನವರು, ಗಣಿತದ ಮೇಷ್ಟ್ರು. ವಿಚಾರವಾದಿ ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ಅದೇ ತಾಲ್ಲೂಕಿನದು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪದ ಅವರ ಗುಣ ಭಾವನಲ್ಲೂ ಇದೆ, ಅದಕ್ಕಾಗಿಯೇ ಅವರ ಮೇಲೆ ನನಗೆ ಗೌರವ. ಸಿಟ್ಟು ಬಂದದ್ದು ಅವರ ಮಾತು ಅಷ್ಟು ಸಲೀಸಾಗಿ ಮುಚ್ಚಿಕೊಂಡದ್ದಕ್ಕೆ. ಎರಡು ಬಾಗಿಲು, ಎರಡಕ್ಕೂ ಬೀಗ.

ಇಂಥ ಚರ್ಚೆ ಹೊಸದಲ್ಲ. ಸಂಸ್ಕೃತದ ಆಲಂಕಾರಿಕ ದಂಡಿ 'ಕಾವ್ಯಾದರ್ಶ'ದಲ್ಲಿ 16 ಬಗೆಯ ಪ್ರಹೇಲಿಕೆಗಳನ್ನು, ಅಂದರೆ ಒಗಟುಗಳನ್ನು, ಎಣಿಸಿದ್ದಾನೆ. ಆ ಎಣಿಕೆ ನನ್ನನ್ನು ಹಿಡಿದು ನಿಲ್ಲಿಸಲಿಲ್ಲ. ಭಾವನ ಮಾತಿಗೆ ಹತ್ತಿರದ್ದು ಗ್ರೀಕರ ಒಂದು ಹಳೆಯ ಸಂವಾದ. ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ, ಸಿಕ್ಕರೂ ಇದೇ ಅದು ಎಂದು ಗುರುತಿಸುವುದು ಹೇಗೆ ಎಂದು ಮೆನೊ ಸಾಕ್ರಟೀಸನನ್ನು ಕೇಳುತ್ತಾನೆ. ಆತ್ಮಕ್ಕೆ ಹುಟ್ಟುವ ಮೊದಲೇ ಎಲ್ಲವೂ ಗೊತ್ತಿತ್ತು, ಕಲಿಯುವುದೆಂದರೆ ನೆನಪು ಮಾಡಿಕೊಳ್ಳುವುದು ಎಂಬ ಸಾಕ್ರಟೀಸನ ಉತ್ತರ ನನಗೆ ಸಪ್ಪೆ. ವಾದಕ್ಕೆ ನನಗೆ ಭಾವನೇ ಸಾಕು.

ಅವತ್ತು ಚಿಕ್ಕಪ್ಪನ ಮಗಳು ಕೇಳಿದ ಒಗಟು ಹೀಗಿತ್ತು: ಮೇಲಿದ್ದರೆ ಬಿಳಿ, ಕೆಳಗಿಳಿದರೆ ಹಸಿರು, ಅಣ್ಣತಮ್ಮಂದಿರಲ್ಲ, ಒಬ್ಬನೇ. ಅಣ್ಣತಮ್ಮ ಎಂದ ಕೂಡಲೇ ಮಾರಿಯೋ ಎಂದು ನನಗೆ ಹೊಳೆಯಿತು. ಆದರೆ ಬಿಳಿ ಯಾವುದು, ಹಸಿರು ಯಾವುದು? ಚಿಂತಾಮಣಿಯಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಿ ಗಂಟೆಗೆ ಹತ್ತು ರೂಪಾಯಿ ಕೊಟ್ಟು, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸಿ, ಆ ಆಟವನ್ನು ಅದೆಷ್ಟು ಸಲ ಆಡಿದ್ದೆನೋ. ಕಣ್ಣು ಮುಚ್ಚಿ ಮೊದಲ ಮನೆಯನ್ನು ಮತ್ತೆ ನಡೆದೆ: ಪ್ರಶ್ನೆಯ ಗುರುತಿನ ಇಟ್ಟಿಗೆ, ಅಣಬೆ, ಹಸಿರು ಕೊಳವೆ, ಆಕಾಶದಲ್ಲಿ ಮೋಡ, ನೆಲದಲ್ಲಿ ಪೊದೆ. ಆಗ ಕಂಡಿತು. ಮೋಡವೂ ಪೊದೆಯೂ ಒಂದೇ ಚಿತ್ರ. ಅದೇ ಮೂರು ಉಬ್ಬು, ಅದೇ ಅಂಚು. ಬಣ್ಣ ಮಾತ್ರ ಬೇರೆ. 1985ರ ಆ ಇಡೀ ಆಟ ಇದ್ದದ್ದು 40 ಕಿಲೋಬೈಟ್‌ನಲ್ಲಿ, ಇವತ್ತು ಫೋನಿನಲ್ಲಿ ತೆಗೆಯುವ ಒಂದು ಫೋಟೋಕ್ಕಿಂತ ಎಷ್ಟೋ ಕಡಿಮೆ. ಜಾಗ ಉಳಿಸಲು ಒಂದೇ ಚಿತ್ರವನ್ನು ಎರಡು ಕಡೆ ದುಡಿಸಿದ್ದರು.

ಭಾವನಿಗೆ ನನ್ನ ಮೊದಲ ಉತ್ತರ ಇದು: ನನಗೆ ಉತ್ತರ ಗೊತ್ತಿತ್ತು, ವಸ್ತು ಗೊತ್ತಿರಲಿಲ್ಲ. ನೆನಪಿನಲ್ಲಿ ಇದ್ದದ್ದನ್ನೇ ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅವರು ಬಿಡಲಿಲ್ಲ. "ಮೋಡ, ಪೊದೆ ಒಂದೇ ಚಿತ್ರ ಅಂತ ನೇರವಾಗಿ ಹೇಳಿದ್ದರೂ ನಿನಗೆ ತಿಳೀತಿತ್ತಲ್ಲ? ಮುಚ್ಚಿಟ್ಟು ಹೇಳಿದ್ದರಿಂದ ಹೆಚ್ಚಿಗೆ ಬಂದದ್ದೇನು?"

ಪ್ರಶ್ನೆ ಗಟ್ಟಿಯಾಗಿದೆ. ನೇರವಾಗಿ ಹೇಳಿದ್ದರೆ ಹೌದಾ ಎಂದು ಮರೆಯುತ್ತಿದ್ದೆ, ಹುಡುಕಿದ್ದರಿಂದ ನನ್ನದಾಯಿತು ಎಂದೆ. "ಅದು ನಿನ್ನ ಮನಸ್ಸಿನ ಸಮಾಚಾರ, ತಿಳಿವಿನ ಸಮಾಚಾರ ಅಲ್ಲ" ಎಂದರು. "ಹಾಗಾದರೆ ಭಾವ, ನೀವು ಹುಡುಗರಿಗೆ ಲೆಕ್ಕದ ಉತ್ತರವನ್ನು ನೇರವಾಗಿ ಯಾಕೆ ಹೇಳುವುದಿಲ್ಲ? ಅವರ ಕೈಯಲ್ಲೇ ಯಾಕೆ ಬಿಡಿಸುತ್ತೀರಿ?" ಎಂದು ಕೇಳಿದೆ. ಗೆದ್ದೆ ಅಂದುಕೊಂಡೆ. ಅವರು ಶಾಂತವಾಗಿ ಹೇಳಿದರು: ಲೆಕ್ಕಕ್ಕೆ ಮೆಟ್ಟಿಲಿದೆ. ಒಂದೊಂದೇ ಹತ್ತಿದರೆ ದಡ್ಡನೂ ಮೇಲೆ ಬರುತ್ತಾನೆ. ಒಗಟಿಗೆ ಮೆಟ್ಟಿಲಿಲ್ಲ, ಹೊಳೆದರೆ ಹೊಳೆಯಿತು, ಇಲ್ಲದಿದ್ದರೆ ಇಲ್ಲ. ಹೊಳೆಯುವುದನ್ನು ಕಲಿಸಲು ಬರುವುದಿಲ್ಲ. ಇದಕ್ಕೆ ನನ್ನಲ್ಲಿ ಅವತ್ತು ಉತ್ತರವಿರಲಿಲ್ಲ. ಇವತ್ತೂ ಪೂರ್ತಿ ಇಲ್ಲ.

ಇನ್ನೂ ಒಂದನ್ನು ಒಪ್ಪಬೇಕು. ಕಂಬಕ್ಕೊರಗಿ ದೊಡ್ಡಪ್ಪನ ಮಗ, ನಮ್ಮಣ್ಣ, ಸುಮ್ಮನೆ ಕೂತಿದ್ದ. ನಾನು ಚಿಂತಾಮಣಿಯಲ್ಲಿ ಬಟನ್ ಒತ್ತುತ್ತಿದ್ದ ವಯಸ್ಸಿನಲ್ಲಿ ಅವನು ಮನೆಯ ಫಿಲೇಚರ್‌ನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಮೆತ್ತಗಾದ ಮೇಲೆ ಎಳೆಯ ತುದಿ ಹುಡುಕಿ, ಏಳೆಂಟು ಗೂಡುಗಳ ಎಳೆ ಸೇರಿಸಿ ರಾಟೆಗೆ ಕೊಡುವುದು. ಬೆಳಗ್ಗೆ ಕೂತರೆ ಸಂಜೆಗೆ ಬೆರಳ ತುದಿ ಬಿಳುಪೇರಿ ಸುಕ್ಕುಗಟ್ಟಿರುತ್ತಿತ್ತು. ಅವನಿಗೆ ಗಂಟೆಗೆ ಹತ್ತು ರೂಪಾಯಿ ಕೊಡುವವರು ಯಾರೂ ಇರಲಿಲ್ಲ. ಅಜ್ಜಿ ತೆಲುಗಿನಲ್ಲಿ ಹೇಳುತ್ತಿದ್ದ ಪೊಡುಪು ಕಥೆಗಳಲ್ಲಿ, ಅಂದರೆ ಒಗಟುಗಳಲ್ಲಿ, ತೆಂಗಿನಕಾಯಿ, ಬಾವಿ, ಸೂಜಿ ದಾರ ಬರುತ್ತಿದ್ದವು. ಅವು ಎಲ್ಲರ ಮನೆಯವು. ನಮ್ಮ ಒಗಟಿನ ವಸ್ತುವಿಗೆ ಬೆಲೆ ಚೀಟಿ ಅಂಟಿತ್ತು. ಕಾಸು ಕೊಟ್ಟವರು ಮಾತ್ರ ಒಳಗೆ. ಭಾವನ ಮಾತಿನ ಎರಡನೇ ಅರ್ಧ ನಿಜವೆಂದು ಅಣ್ಣನ ಮುಖ ನೋಡಿದಾಗ ನನಗನ್ನಿಸಿತು.

ಅದೇ ಹೊತ್ತಿಗೆ ನನ್ನ ಸರದಿ ಬಂತು. ನಾನು ಕಟ್ಟಿದ್ದು ಇದು: ಗುಂಡು ಉಗುಳದ ತುಪಾಕಿ ಬೆಳಕು ಕುಡಿಯುತ್ತೆ, ಗುರಿ ತಪ್ಪಿದರೆ ಹುಲ್ಲಿನೊಳಗಿಂದ ನಗು ಬರುತ್ತೆ.

ಎಲ್ಲರಿಗಿಂತ ಮೊದಲು ಅಣ್ಣ ಬಾಯಿಬಿಟ್ಟ. "ಕುಡಿಯೋದು ಅಂದ್ರೆ ಒಳಕ್ಕೆ ತಗೊಳ್ಳೋದು. ಹಾಗಾದ್ರೆ ಬೆಳಕು ಟಿವಿಯಿಂದ ತುಪಾಕಿಗೆ ಬರಬೇಕು, ತುಪಾಕಿಯಿಂದ ಟಿವಿಗೆ ಏನೂ ಹೋಗಲ್ಲ. ಅದು ಹೊಡೆಯೋ ತುಪಾಕಿ ಅಲ್ಲ, ನೋಡೋ ತುಪಾಕಿ. ಹುಲ್ಲೊಳಗೆ ಬೇಟೆಗೆ ನುಗ್ಗೋದು ನಾಯಿ. ನಗೋದು ಅದೇ."

ನಾನು ಬೆರಗಾದೆ. 1984ರ 'ಡಕ್ ಹಂಟ್' ಕೆಲಸ ಮಾಡುವುದು ಹಾಗೆಯೇ. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ನಳಿಗೆಯೊಳಗಿನ ಬೆಳಕಿನ ಕಣ್ಣಿಗೆ ಆ ಬಿಳುಪು ಬಿದ್ದರೆ ಗುರಿ ತಾಗಿದಂತೆ. ಎರಡು ವರ್ಷ ಆಡಿದ ನಾನು ತುಪಾಕಿಯಿಂದ ಏನೋ ಹೊರಟು ಟಿವಿಗೆ ಬಡಿಯುತ್ತದೆ ಎಂದು ನಂಬಿದ್ದೆ. ಒಂದು ಸಲವೂ ಆಡದ ಅಣ್ಣ ಎರಡು ಸಾಲಿನಿಂದ ಅದರ ಒಳಗನ್ನು ಬಿಚ್ಚಿದ. ಅವನು ಒಂದು ಮಾತಿನಿಂದ ಇನ್ನೊಂದಕ್ಕೆ ಬಂದ ರೀತಿ ನೋಡಿದರೆ, ಭಾವ ಇಲ್ಲವೆಂದ ಮೆಟ್ಟಿಲು ಅಲ್ಲಿತ್ತು.

"ಹೆಸರು ಹೇಳಲಿಲ್ಲವಲ್ಲ" ಎಂದರು ಭಾವ.

ಹೌದು, ಹೇಳಲಿಲ್ಲ. ಆದರೆ ಹೆಸರೇ ಉತ್ತರವಾದರೆ ನಾವೂ ಸೋತವರೇ. ಹದ್ದಿನ ಗುರುತಿನ ಸುತ್ತ ಇಟ್ಟಿಗೆ ಕಟ್ಟಿ, ಮನೆಗೆ ಇಪ್ಪತ್ತು ವೈರಿ ಟ್ಯಾಂಕ್‌ಗಳನ್ನು ಉರುಳಿಸುತ್ತಿದ್ದ ಆಟ ನಮಗೆ ಬರೀ 'ಟ್ಯಾಂಕ್'. ಅದು ನಾಮ್ಕೊ ಕಂಪನಿಯ 'ಬ್ಯಾಟಲ್ ಸಿಟಿ' ಎಂದು ನನಗೆ ತಿಳಿದದ್ದು ನೌಕರಿಗೆ ಸೇರಿದ ಮೇಲೆ. ಹೆಸರು ಉತ್ತರವಲ್ಲ ಎನ್ನೋಣವೆಂದರೆ, ಒಗಟು ಮುಗಿಯಿತೆಂದು ಹೇಳುವವರು ಯಾರು? ಬಿಡಿಸಿದವನಿಗೆ ತಾನು ಬಿಡಿಸಿದ್ದು ಯಾವುದನ್ನು ಎಂದೇ ಗೊತ್ತಿಲ್ಲದಿದ್ದರೆ ಅದನ್ನು ಊಹೆ ಎನ್ನಬಹುದೇ? ಮಾರಿಯೋದ ಒಗಟು ಗೊತ್ತಿದ್ದವನಿಗೆ ಗೊತ್ತಿಲ್ಲದ್ದನ್ನು ತೋರಿಸಿತು, ಆದ್ದರಿಂದ ನೆನಪು ಬೇಕು ಎಂದೆ. ಅಣ್ಣ ನೆನಪೇ ಇಲ್ಲದೆ ನನಗಿಂತ ಮುಂದೆ ಹೋದ. ಇವೆರಡನ್ನೂ ಒಂದೇ ಮಾತಿನಲ್ಲಿ ಹಿಡಿಯಲು ನನಗೆ ಆಗುತ್ತಿಲ್ಲ. ಭಾವನದು ತಪ್ಪೆಂದು ತೋರಿಸಲು ಹೊರಟಿದ್ದೆ. ಅರ್ಧ ತಪ್ಪು ಎಂದಷ್ಟೇ ಹೇಳಬಲ್ಲೆ, ಯಾವ ಅರ್ಧ ಎಂಬುದು ಯೋಚಿಸಿದಾಗೆಲ್ಲ ಬದಲಾಗುತ್ತದೆ.

ಹೊರಡುವಾಗ ಅಣ್ಣ, "ಆ ನಾಯಿ ನಗೋದನ್ನ ಒಂದ್ಸಲ ನೋಡಬೇಕು ಕಣೋ" ಎಂದ. ಚಿಂತಾಮಣಿಯ ಮನೆಯ ಅಟ್ಟ ಹುಡುಕಿದೆ. ತುಪಾಕಿ ಸಿಕ್ಕಿತು, ವೈರು ಸರಿಯಿದೆ, ಕ್ಯಾಸೆಟ್ಟೂ ಇದೆ. ಆದರೆ ಆ ಬೆಳಕಿನ ಕಣ್ಣು ಪಿಕ್ಚರ್ ಟ್ಯೂಬಿನ ಬೆಳಕಿಗೆ, ಅದರ ವೇಗಕ್ಕೆ ಹೊಂದಿಸಿದ್ದು. ಈಗಿನ ಚಪ್ಪಟೆ ಟಿವಿಗಳ ಮುಂದೆ ಅದಕ್ಕೆ ಏನೂ ಕಾಣುವುದಿಲ್ಲ. ಚಿಕ್ಕಬಳ್ಳಾಪುರದ ಆಸುಪಾಸಿನಲ್ಲಿ ಯಾರ ಮನೆಯಲ್ಲಾದರೂ ಇನ್ನೂ ಉರಿಯುವ ಡಬ್ಬಾ ಟಿವಿ ಇದ್ದರೆ, ಗುಜರಿಗೆ ಹಾಕುವ ಮೊದಲು ದಯವಿಟ್ಟು ತಿಳಿಸಿ.