ತೊಲಗಿದ ಚಂಡಮಾರುತ

ಕೆರಿಬಿಯನ್ ಸಮುದ್ರದ ದ್ವೀಪಗಳಿಗೆ ವಿಹಾರಾರ್ಥವಾಗಿ ಹೊರಡುವವನು ಮೊದಲು ವಿಚಾರಿಸುವುದು ಅಲ್ಲಿಯ ಹವೆಯನ್ನು, ಅನಂತರ ಕಡಲಿನ ಸ್ಥಿತಿಯನ್ನು. ಈ ವಿಚಾರಣೆಯಲ್ಲಿ ದೋಷವೇನೂ ಇಲ್ಲ. ವರ್ಷವಿಡೀ ದುಡಿದು ಕೂಡಿಟ್ಟ ಹಣದಲ್ಲಿ ಹೆಂಡಿರು ಮಕ್ಕಳೊಡನೆ ಕೆಲವು ದಿನ ಕಡಲತಡಿಯಲ್ಲಿ ಕಳೆಯಬೇಕೆನ್ನುವವನು ಆಕಾಶ ತಿಳಿಯಾಗಿರಲಿ, ನೀರು ಶಾಂತವಾಗಿರಲಿ ಎಂದು ಹಾರೈಸುವುದು ಮನುಷ್ಯಸಹಜವಾದದ್ದು. ಅವನಿಗೆ ದೊರೆಯುವ ಉತ್ತರವೂ ಬಹುಮಟ್ಟಿಗೆ ನಿಶ್ಚಿತವಾದದ್ದೇ. ವರ್ಜಿನ್ ದ್ವೀಪಗಳನ್ನು ನಿದರ್ಶನವಾಗಿ ತೆಗೆದುಕೊಂಡರೆ, ಡಿಸೆಂಬರಿನ ನಡುವಿನಿಂದ ಏಪ್ರಿಲ್ ತಿಂಗಳವರೆಗೆ ಅಲ್ಲಿ ಒಣಹವೆಯ ಕಾಲ. ಪೂರ್ವದಿಂದಲೂ ಈಶಾನ್ಯದಿಂದಲೂ ಎಡೆಬಿಡದೆ ಬೀಸುವ ವಾಣಿಜ್ಯ ಮಾರುತ ಬಿಸಿಲಿನ ಬೇಗೆಯನ್ನು ತಣಿಸುತ್ತಿರುತ್ತದೆ. ಫೆಬ್ರವರಿಯಲ್ಲಿಯೂ ಸಮುದ್ರದ ನೀರು ಸುಮಾರು 26 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬೆಚ್ಚಗಿರುತ್ತದೆ. ಉಬ್ಬರವಿಳಿತಗಳ ಅಂತರ ಒಂದು ಅಡಿಯ ಆಸುಪಾಸಿನದಾದುದರಿಂದ ಮರಳದಂಡೆ ಬೆಳಗಿನಿಂದ ಬೈಗಿನವರೆಗೆ ಹೆಚ್ಚುಕಡಿಮೆ ಒಂದೇ ಅಗಲದಲ್ಲಿ ಉಳಿಯುತ್ತದೆ. ವರ್ಷದ ಕೊನೆಯಲ್ಲಿ ಆ ಗಾಳಿ ಬಲಿತು ಕೆಲವು ವಾರ ಜೋರಾಗಿ ಬೀಸುವುದುಂಟು. ಅಲ್ಲಿಯ ನಾವಿಕರು ಅದನ್ನು ಕ್ರಿಸ್‌ಮಸ್ ಗಾಳಿ ಎನ್ನುತ್ತಾರೆ. ಉತ್ತರ ಅಟ್ಲಾಂಟಿಕ್ಕಿನಲ್ಲಿ ಎಲ್ಲಿಯೋ ಎದ್ದ ಚಳಿಗಾಲದ ಬಿರುಗಾಳಿ ಸಾವಿರಾರು ಮೈಲಿಗಳ ಆಚೆಯಿಂದ ಉರುಳಿಸಿಬಿಟ್ಟ ದೊಡ್ಡ ಅಲೆಗಳು ದ್ವೀಪದ ಉತ್ತರದಂಡೆಗೆ ಬಂದು ಬಡಿಯುವ ದಿನಗಳಲ್ಲಿ, ಈಜಬೇಕೆನ್ನುವವನು ದಕ್ಷಿಣದ ಮರೆಯ ಕೊಲ್ಲಿಗಳನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಬೇಸಗೆಯ ಬಳಿಕದ ಕಾಲ ಬೇರೆಯ ಬಗೆಯದು. ಸಹಾರಾ ಮರುಭೂಮಿಯ ಧೂಳು ಸಾಗರವನ್ನು ದಾಟಿ ಬಂದು ಆಕಾಶವನ್ನು ಮಸುಕು ಮಾಡುತ್ತದೆ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದುಬಣ್ಣದ ಕಡಲಕಳೆ ಗಾಳಿಗೆ ಎದುರಾದ ತೀರಗಳಲ್ಲಿ ರಾಶಿರಾಶಿಯಾಗಿ ಕೊಳೆಯುತ್ತದೆ. ಸೆಪ್ಟೆಂಬರಿನ ವೇಳೆಗೆ ನೀರು 29 ಡಿಗ್ರಿಯವರೆಗೆ ಕಾಯುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತು. ಅದರ ಪರಾಕಾಷ್ಠೆ ಸೆಪ್ಟೆಂಬರ್ 10ರ ಆಸುಪಾಸು.

ಪ್ರವಾಸಿಗೆ ಇಷ್ಟು ತಿಳಿದರೆ ಸಾಕು. ಫೆಬ್ರವರಿಯಲ್ಲಿ ಹೋಗಿ ಸುಖವಾಗಿ ಹಿಂದಿರುಗುತ್ತಾನೆ. ಆದರೆ ಅವನು ಒಳ್ಳೆಯದೆಂದು ಬಯಸುವ ಹವೆ ಯಾರಿಗೆ ಒಳ್ಳೆಯದು ಎಂಬ ಪ್ರಶ್ನೆಯೊಂದು ಅವನ ಬೆನ್ನ ಹಿಂದೆ ಉಳಿದುಕೊಂಡಿರುತ್ತದೆ. ವರ್ಜಿನ್ ದ್ವೀಪಗಳಲ್ಲೊಂದಾದ ಸೇಂಟ್ ಥಾಮಸ್ಸಿನಲ್ಲಿ ನಿತ್ಯವೂ ಹರಿಯುವ ನದಿಯಿಲ್ಲ. ಮನೆಯ ಮಾಡಿನ ಮೇಲೆ ಬಿದ್ದ ಮಳೆಯನ್ನು ನೆಲದಡಿಯ ತೊಟ್ಟಿಗೆ ಇಳಿಸಿಕೊಂಡು ಅದರಿಂದಲೇ ಸಂಸಾರ ಸಾಗಿಸುವುದು ಅಲ್ಲಿಯ ಬಹುಕಾಲದ ವಾಡಿಕೆ. ಮನೆ ಕಟ್ಟುವವನು ತೊಟ್ಟಿಯನ್ನೂ ಕಟ್ಟತಕ್ಕದ್ದೆಂಬುದು ಆ ದ್ವೀಪಗಳ ಕಟ್ಟಳೆ. ಒಂದು ಹನಿಯೂ ಬೀಳದೆ ಕಳೆದ ಎರಡು ವಾರ ಅತಿಥಿಗೆ ಭಾಗ್ಯವೆನಿಸುವಾಗ, ಆತಿಥೇಯನು ತೊಟ್ಟಿಯ ಮುಚ್ಚಳವನ್ನು ಸರಿಸಿ ಬಗ್ಗಿ ನೋಡುತ್ತಿರುತ್ತಾನೆ. ಒಬ್ಬನ ವರವು ಇನ್ನೊಬ್ಬನ ಕೊರತೆಯಾಗುವ ಈ ಸಂಗತಿ ಮಳೆಯ ವಿಷಯದಲ್ಲಿ ಸಣ್ಣದು. ಚಂಡಮಾರುತದ ವಿಷಯದಲ್ಲಿ ಅದು ಪ್ರಾಣದ ಪ್ರಶ್ನೆಯಾಗುತ್ತದೆ, ಧರ್ಮದ ಪ್ರಶ್ನೆಯೂ ಆಗುತ್ತದೆ.

ಈ ವರ್ಜಿನ್ ದ್ವೀಪಗಳಲ್ಲಿ, 1917ರಲ್ಲಿ ಅಮೆರಿಕದ ಒಡೆತನಕ್ಕೆ ಬರುವ ಮುಂಚೆ ಡೇನರು ಆಳುತ್ತಿದ್ದ ಕಾಲದಿಂದ ನಡೆದುಬಂದಿರುವ ಒಂದು ಆಚರಣೆಯುಂಟು. ಜುಲೈ ತಿಂಗಳ ನಾಲ್ಕನೆಯ ಸೋಮವಾರ ಜನರು ಇಗರ್ಜಿಗಳಲ್ಲಿ ಕೂಡಿ, ಬರಲಿರುವ ಚಂಡಮಾರುತಗಳಿಂದ ತಮ್ಮನ್ನು ಕಾಪಾಡಬೇಕೆಂದು ಭಗವಂತನಲ್ಲಿ ಬಿನ್ನವಿಸಿಕೊಳ್ಳುತ್ತಾರೆ. ಅಕ್ಟೋಬರಿನಲ್ಲಿ ಮತ್ತೊಂದು ದಿನ ಕೂಡಿ, ಉಳಿದುದಕ್ಕಾಗಿ ಕೃತಜ್ಞತೆಯನ್ನು ಅರ್ಪಿಸುತ್ತಾರೆ. ಮೊದಲನೆಯದು ಬೇಡಿಕೆಯ ದಿನ, ಎರಡನೆಯದು ವಂದನೆಯ ದಿನ. ಇವೆರಡರ ನಡುವೆ ಬರುವ ಆಗಸ್ಟ್ ಸೆಪ್ಟೆಂಬರುಗಳಲ್ಲಿ ಒಂದು ಜನಾಂಗವೆಲ್ಲ ಆಕಾಶವನ್ನು ನೋಡುತ್ತ ಬದುಕುತ್ತದೆ. ಹೋಟೆಲಿನ ಕೊಠಡಿಯಲ್ಲಿ ಕುಳಿತು ನಾಳೆ ಬಿಸಿಲಿರಲಿ ಎಂದು ಬಯಸುವುದಕ್ಕೂ ಇದಕ್ಕೂ ಇರುವ ದೂರವನ್ನು ನಾನು ಅಲಕ್ಷಿಸುತ್ತಿಲ್ಲ. ಗೀತೆಯು ಭಕ್ತರನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ ಆರ್ತನನ್ನೂ ಅರ್ಥಾರ್ಥಿಯನ್ನೂ ಬೇರೆ ಬೇರೆಯಾಗಿ ಹೆಸರಿಸಿದೆ; ಬಿಸಿಲನ್ನು ಬೇಡುವವನು ಅರ್ಥಾರ್ಥಿ, ಮಾಡು ಹಾರಿಹೋಗದಿರಲೆಂದು ಬೇಡುವವನು ಆರ್ತ. ಇಬ್ಬರನ್ನೂ ಉದಾರರೆಂದೇ ಕರೆದಿರುವ ಆ ಗ್ರಂಥದ ಔದಾರ್ಯವನ್ನು ಮರೆತು ಯಾರ ಪ್ರಾರ್ಥನೆಯನ್ನಾದರೂ ಕೀಳೆಂದು ತಳ್ಳಿಹಾಕುವ ಅಧಿಕಾರ ನಮಗಿಲ್ಲ.

ಆದರೂ ಪ್ರಶ್ನೆ ಪ್ರಶ್ನೆಯೇ. ಚಂಡಮಾರುತವೆಂಬುದು ಬೇಡಿದೊಡನೆ ಕರಗಿಹೋಗುವ ವಸ್ತುವಲ್ಲ. ಆಫ್ರಿಕದ ಪಶ್ಚಿಮ ಕರಾವಳಿಯಿಂದ ಹೊರಟ ವಾಯುಕ್ಷೋಭೆಯೊಂದು, 26.5 ಡಿಗ್ರಿಗೂ ಮೀರಿ ಕಾದ ಸಾಗರದ ಆವಿಯನ್ನು ಹೀರಿ, ಭೂಮಿಯ ಅಕ್ಷಭ್ರಮಣದಿಂದ ಸುಳಿಯ ರೂಪವನ್ನು ತಾಳಿ, ದಿನದಿನಕ್ಕೆ ಬಲಿಯುತ್ತ ಪಶ್ಚಿಮಾಭಿಮುಖವಾಗಿ ಬರುತ್ತದೆ. ಅಟ್ಲಾಂಟಿಕ್ಕಿನ ಮೇಲೆ ನೆಲೆಸಿರುವ ಅಧಿಕ ಒತ್ತಡದ ವಲಯವು ಬಲವಾಗಿದ್ದರೆ ಅದು ನೇರವಾಗಿ ದ್ವೀಪಗಳ ಮೇಲೆ ನಡೆಯುತ್ತದೆ, ಆ ವಲಯ ಸಡಿಲಿದ್ದರೆ ಉತ್ತರಕ್ಕೆ ತಿರುಗಿ ಮಹಾಸಾಗರದಲ್ಲಿ ಲಯವಾಗುತ್ತದೆ. ಸಾಲುದೀಪಗಳಂತೆ ಹತ್ತಿರ ಹತ್ತಿರ ಇರುವ ಆ ದ್ವೀಪಗಳಲ್ಲಿ ಒಂದರಿಂದ ತುಸು ಓಸರಿಸಿದ ಮಾರುತವು ಬಹುಸಲ ಮತ್ತೊಂದರ ಮೇಲೆ ಎರಗುತ್ತದೆ. ಸೇಂಟ್ ಥಾಮಸ್ಸಿಗೂ ಸೇಂಟ್ ಕ್ರೋಯಿಗೂ ಇರುವ ಅಂತರ ಸುಮಾರು 65 ಕಿಲೋಮೀಟರು. ನಮ್ಮ ದ್ವೀಪಕ್ಕೆ ಬಾರದಿರಲಿ ಎಂಬ ಬೇಡಿಕೆಯ ಒಳಗೆ, ಬೇಡುವವನ ಅರಿವಿಗೆ ಬಾರದೆಯೇ, ಮತ್ತೆಲ್ಲಿಗಾದರೂ ಹೋಗಲಿ ಎಂಬ ಇನ್ನೊಂದು ಬೇಡಿಕೆ ಅಡಗಿರುವುದಲ್ಲವೆ? ಮಾರುತ ತೊಲಗಿದುದಕ್ಕೆ ನಾನು ದೇವರನ್ನು ಕೊಂಡಾಡುವ ಹೊತ್ತಿನಲ್ಲಿ, ಅದು ಎಲ್ಲಿಗೆ ಹೋಯಿತೋ ಅಲ್ಲಿಯವನು ಅದೇ ದೇವರ ಮುಂದೆ ಏನೆಂದು ಹೇಳಬೇಕು?

ತ್ರಿನಿದಾದಿನಲ್ಲಿ ಒಂದು ಜನಪ್ರಿಯ ನುಡಿಯಿದೆ: ದೇವರು ತ್ರಿನಿದಾದಿನವನು ಎಂದು. ಚಂಡಮಾರುತಗಳು ಆ ದ್ವೀಪವನ್ನು ಬಿಟ್ಟು ಉತ್ತರಕ್ಕೆ ಹಾದುಹೋಗುವುದನ್ನು ಕಂಡ ಜನ ಪ್ರೀತಿಯಿಂದ ಆಡಿದ ಮಾತು ಅದು. ಭೂಗೋಳವನ್ನು ಬಲ್ಲವನು ಇದಕ್ಕೆ ಕಾರಣವನ್ನು ಅಕ್ಷಾಂಶದಲ್ಲಿ ತೋರಿಸುತ್ತಾನೆ. ಸಮಭಾಜಕವೃತ್ತಕ್ಕೆ ಸಮೀಪವಾದಷ್ಟೂ ಅಕ್ಷಭ್ರಮಣದ ತಿರುಚುವ ಬಲ ಕುಂದುವುದರಿಂದ ಮಾರುತಗಳು ಅಷ್ಟು ದಕ್ಷಿಣಕ್ಕೆ ಇಳಿಯುವುದು ವಿರಳ. ವಿರಳವೆಂದರೆ ಇಲ್ಲವೆಂದಲ್ಲ, 1933ರ ಜೂನ್ ತಿಂಗಳಲ್ಲಿ ಒಂದು ಮಾರುತ ತ್ರಿನಿದಾದಿನ ದಕ್ಷಿಣಭಾಗವನ್ನು ಹೊಕ್ಕಿತ್ತು. 1963ರ ಸೆಪ್ಟೆಂಬರ್ 30ರಂದು ಫ್ಲೋರಾ ಎಂಬ ಚಂಡಮಾರುತವು ಅದೇ ನಾಡಿನ ಜೊತೆದ್ವೀಪವಾದ ಟೊಬಾಗೊವನ್ನು ಹಾಳುಗೆಡವಿ, ಮುಂದೆ ಹೈಟಿಯಲ್ಲಿಯೂ ಕ್ಯೂಬಾದಲ್ಲಿಯೂ ಸಹಸ್ರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ವರ್ಷ ದೇವರು ಎಲ್ಲಿಯವನಾಗಿದ್ದನು? ತಾನು ಉಳಿದುದನ್ನು ಅನುಗ್ರಹದ ಗುರುತೆಂದು ಓದುವವನು, ಓದುತ್ತಿರುವ ಅದೇ ಲಿಪಿಯಲ್ಲಿ ನೆರೆಯವನ ಮೇಲೆ ಬರೆದ ನಿಗ್ರಹವನ್ನೂ ಓದಲೇಬೇಕಾಗುತ್ತದೆ.

ಇದು ನಮ್ಮ ದರ್ಶನಕಾರರು ಎದುರಿಸಿದ ಪ್ರಶ್ನೆಯೇ ಹೌದು. ಈಶ್ವರನು ಜಗತ್ತಿನ ಕಾರಣನಾದರೆ, ಒಬ್ಬನನ್ನು ಸುಖಿಯಾಗಿಯೂ ಮತ್ತೊಬ್ಬನನ್ನು ದುಃಖಿಯಾಗಿಯೂ ಮಾಡಿದುದರಿಂದ ಅವನಿಗೆ ಪಕ್ಷಪಾತದ ಮತ್ತು ನಿರ್ದಯತೆಯ ದೋಷ ತಗಲುವುದಿಲ್ಲವೆ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಎತ್ತಿಕೊಳ್ಳುತ್ತದೆ. ಅಲ್ಲಿ ಶಂಕರಾಚಾರ್ಯರು ಕೊಡುವ ದೃಷ್ಟಾಂತ ಮಳೆಯದೇ. ಮಳೆ ಬತ್ತಕ್ಕೂ ಜವೆಗೂ ಸಾಧಾರಣ ಕಾರಣ. ಒಂದು ಬತ್ತವಾಗಿ ಇನ್ನೊಂದು ಜವೆಯಾಗಿ ಬೆಳೆಯುವುದಕ್ಕೆ ಆಯಾ ಬೀಜದಲ್ಲಿರುವ ಶಕ್ತಿಯೇ ಅಸಾಧಾರಣ ಕಾರಣ. ಹಾಗೆಯೇ ಜೀವರ ವೈಷಮ್ಯಕ್ಕೆ ಅವರವರ ಕರ್ಮ ಕಾರಣ. ತರ್ಕದ ದೃಷ್ಟಿಯಿಂದ ಉತ್ತರ ಗಂಭೀರವಾದದ್ದು. ಆದರೆ ಅದು ಈಶ್ವರನ ಮೇಲಿನ ಆಪಾದನೆಯನ್ನು ಪರಿಹರಿಸಲು ಹೇಳಿದ ಉತ್ತರವೆಂಬುದನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ನೆರೆಯವನ ಮೇಲೆ ಆಪಾದನೆ ಹೊರಿಸಲು ಅದನ್ನು ಬಳಸುವುದು ಶಾಸ್ತ್ರದ ಅಪವ್ಯಯ. ಮುರಿದ ಮನೆಯ ಮುಂದೆ ನಿಂತ ಹೆಂಗಸಿಗೆ ಇದು ನಿನ್ನ ಕರ್ಮವೆಂದು ಹೇಳುವವನು ತತ್ತ್ವವನ್ನು ನುಡಿಯುತ್ತಿಲ್ಲ. ತಾನು ಕೈ ಹಚ್ಚಬೇಕಾದ ಕೆಲಸದಿಂದ ಜಾರಿಕೊಳ್ಳುತ್ತಿದ್ದಾನೆ. ನನ್ನ ಕಷ್ಟವನ್ನು ನಾನು ತಾಳಿಕೊಳ್ಳುವುದಕ್ಕೆ ಕರ್ಮಸಿದ್ಧಾಂತ ನೆರವಾದೀತು; ಅನ್ಯರ ಕಷ್ಟವನ್ನು ನಾನು ತಾಳಿಕೊಳ್ಳುವುದಕ್ಕೆ ಅದು ನೆರವಾಗಕೂಡದು.

ಈ ಸೂಕ್ಷ್ಮವನ್ನು ಕೆರಿಬಿಯನ್ನಿನ ಒಬ್ಬ ಹುಡುಗ ಕಂಡುಕೊಂಡಿದ್ದನು. 1772ರ ಆಗಸ್ಟ್ 31ರ ರಾತ್ರಿ ಸೇಂಟ್ ಕ್ರೋಯಿ ದ್ವೀಪವನ್ನು ಭಯಂಕರ ಚಂಡಮಾರುತವೊಂದು ಹೊಡೆಯಿತು. ಅಲ್ಲಿಯ ವರ್ತಕರ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ, ತಾಯಿಯನ್ನು ಕಳೆದುಕೊಂಡ, ಇನ್ನೂ ಇಪ್ಪತ್ತು ತುಂಬದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸೆಪ್ಟೆಂಬರ್ 6ರಂದು ತನ್ನ ತಂದೆಗೆ ಒಂದು ಕಾಗದ ಬರೆದನು. ಅಕ್ಟೋಬರ್ 3ರಂದು ಅದು ಆ ದ್ವೀಪದ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನೋದಿದ ಹಿರಿಯರು ಹಣ ಕೂಡಿಸಿ ಅವನನ್ನು ವಿದ್ಯಾಭ್ಯಾಸಕ್ಕಾಗಿ ಅಮೆರಿಕಕ್ಕೆ ಕಳುಹಿಸಿದರು. ಮುಂದೆ ಅವನು ಆ ರಾಷ್ಟ್ರದ ಮೊದಲ ಖಜಾನೆ ಮಂತ್ರಿಯಾದುದು ಎಲ್ಲರೂ ಬಲ್ಲ ಸಂಗತಿ. ನನಗೆ ಮುಖ್ಯವಾಗಿ ತೋರುವುದು ಆ ಕಾಗದದೊಳಗಿನ ಒಂದು ತಿರುವು. ಗಾಳಿಯ ಆರ್ಭಟವನ್ನು ವರ್ಣಿಸಿ, ಮನುಷ್ಯನ ಅಹಂಕಾರವನ್ನು ಧಿಕ್ಕರಿಸಿ, ದೇವರು ಕರುಣಿಸಿ ಮಾರುತವನ್ನು ಅಡಗಿಸಿದನೆಂದು ಹಿಗ್ಗುವ ಹುಡುಗ, ಒಡನೆಯೇ ತನ್ನನ್ನು ತಾನೇ ಗದರಿಸಿಕೊಳ್ಳುತ್ತಾನೆ: ಸುತ್ತಲೂ ಜನ ಗಾಯಗೊಂಡು, ಹಸಿದು, ನೆರಳಿಲ್ಲದೆ ಬಿದ್ದಿರುವಾಗ ನೀನು ಉಳಿದೆಯೆಂದು ಸಂತೋಷಪಡುವಷ್ಟು ಸ್ವಾರ್ಥಿಯೆ ಎಂದು. ಅಲ್ಲಿಂದ ಮುಂದಕ್ಕೆ ಕಾಗದ ದೇವರ ಕಡೆಯಿಂದ ದಿಕ್ಕಿಲ್ಲದವರ ಕಡೆಗೆ ಹೊರಳಿ, ಉಳ್ಳವರು ತಮ್ಮ ಸಂಪತ್ತನ್ನು ಹಂಚಿಕೊಳ್ಳಬೇಕೆಂದು ಮೊರೆಯಿಡುತ್ತದೆ. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದವರೇ ಆ ದ್ವೀಪದ ಬಹುಸಂಖ್ಯಾತರಾಗಿದ್ದರೆಂಬುದನ್ನು ಓದುಗನು ತನ್ನಷ್ಟಕ್ಕೆ ಸೇರಿಸಿಕೊಂಡು ಓದಬೇಕು. ಉಳಿದುದಕ್ಕೆ ವಂದಿಸುವ ಮಾತಿರಲಿ, ಉಳಿದ ಬದುಕೂ ಅವರ ಸ್ವಾಧೀನದಲ್ಲಿರಲಿಲ್ಲ.

ಎಂಟು ವರ್ಷಗಳ ಮೇಲೆ, 1780ರ ಅಕ್ಟೋಬರಿನಲ್ಲಿ, ಬಾರ್ಬಡೋಸ್, ಮಾರ್ಟಿನೀಕ್, ಸೇಂಟ್ ಯುಸ್ಟೇಷಿಯಸ್ ಮೊದಲಾದ ದ್ವೀಪಗಳಲ್ಲಿ 20,000ಕ್ಕೂ ಮಿಕ್ಕು ಜನರನ್ನು ಕೊಂದ ಮಹಾಮಾರುತದ ಸಂದರ್ಭದಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆದಿತ್ತು. ಮಾರ್ಟಿನೀಕಿನ ದಡದಲ್ಲಿ ಒಡೆದ ಇಂಗ್ಲಿಷ್ ಹಡಗುಗಳಿಂದ ಬದುಕಿ ಬಂದ ಕೆಲವೇ ನಾವಿಕರನ್ನು ಫ್ರೆಂಚ್ ಗವರ್ನರ್ ಮಾರ್ಕಿ ದ ಬುಯೇ ಅವರ ಕಡೆಯವರಿಗೇ ಒಪ್ಪಿಸಿ ಕಳುಹಿಸಿದನು. ಎಲ್ಲರಿಗೂ ಒಂದಾಗಿ ಬಂದ ಆಪತ್ತಿನಲ್ಲಿ ಉಳಿದವರನ್ನು ಸೆರೆಯಾಳುಗಳೆಂದು ಭಾವಿಸಲಾರೆನೆಂದು ಅವನು ಹೇಳಿಕಳುಹಿಸಿದನಂತೆ.

ಪ್ರಾರ್ಥನೆಯ ಸ್ವರೂಪವನ್ನು ಕುರಿತು ನನಗೆ ಹೆಚ್ಚು ಕಲಿಸಿದವನು, ಪ್ರಾರ್ಥನೆಯನ್ನು ಕುರಿತು ಏನನ್ನೂ ವಾದಿಸದ ಒಬ್ಬ ಪಾದ್ರಿ. ಬೆನಿತೊ ವಿನ್ಯೇಸ್ ಎಂಬ ಜೆಸ್ವಿಟ್ ಸಂನ್ಯಾಸಿ 1870ರಲ್ಲಿ ಹವಾನಾ ನಗರದ ಬೆಲೆನ್ ವಿದ್ಯಾಶಾಲೆಯ ವೀಕ್ಷಣಾಲಯದ ಮುಖ್ಯಸ್ಥನಾಗಿ ಬಂದನು. ವಾಯುಭಾರಮಾಪಕದ ಏರಿಳಿತವನ್ನೂ ಗಾಳಿಯ ದಿಕ್ಕನ್ನೂ ಬಿಡದೆ ಬರೆದಿಟ್ಟುಕೊಳ್ಳುತ್ತ, ಎತ್ತರದಲ್ಲಿ ನವುರಾಗಿ ಹರಡುವ ಗರಿಮೋಡಗಳು ಮಾರುತದ ಕೇಂದ್ರದಿಂದ ಹೊರಕ್ಕೆ ಹೇಗೆ ಚಾಚಿಕೊಳ್ಳುತ್ತವೆಂಬುದನ್ನು ವರ್ಷಗಟ್ಟಲೆ ಗಮನಿಸುತ್ತ, ಚಂಡಮಾರುತ ಯಾವ ಕಡೆಗಿದೆ, ಯಾವ ಕಡೆಗೆ ನಡೆಯುತ್ತಿದೆಯೆಂಬುದನ್ನು ಅದು ಕಣ್ಣಿಗೆ ಬೀಳುವ ಮುನ್ನವೇ ಹೇಳುವ ವಿಧಾನವನ್ನು ಅವನು ರೂಪಿಸಿದನು. 1875ರ ಸೆಪ್ಟೆಂಬರಿನಲ್ಲಿ ಅವನ ಮೊದಲ ಮುನ್ಸೂಚನೆ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಮುಂದೆ ತಂತಿಯ ಮೂಲಕ ದ್ವೀಪದಿಂದ ದ್ವೀಪಕ್ಕೆ ವರ್ತಮಾನ ಹೋಗುವ ಏರ್ಪಾಡೂ ಆಯಿತು. ತನ್ನ ನಿತ್ಯಪೂಜೆಯನ್ನು ಬಿಡದ ಈ ಮನುಷ್ಯನು ಮಾರುತದ ದಾರಿಯನ್ನು ಬದಲಿಸಲಾರದೆ ಹೋದನು. ಆದರೆ ದಾರಿಯಲ್ಲಿದ್ದವರಿಗೆ ಒಂದು ದಿನ ಮುಂಚಿತವಾಗಿ ಅದನ್ನು ತಿಳಿಸಬಲ್ಲವನಾದನು. ಅವನ ಈ ಶ್ರಮದಿಂದ ಒಂದು ದ್ವೀಪ ಉಳಿದರೆ ಮತ್ತೊಂದು ಕೆಡುತ್ತಿರಲಿಲ್ಲ. ಅನ್ಯರಿಗೆ ಹಾನಿಯಿಲ್ಲದೆ ಫಲಿಸಬಲ್ಲ ಬೇಡಿಕೆ ಅರಿವಿನ ಬೇಡಿಕೆಯೇ ಎಂದು ನನಗೆ ತೋರುತ್ತದೆ. ಗೀತೆಯ ವಿಂಗಡಣೆಯಲ್ಲಿ ಆರ್ತನ ಪಕ್ಕದಲ್ಲಿಯೇ ಜಿಜ್ಞಾಸುವನ್ನು ಕೂರಿಸಿರುವುದರ ಔಚಿತ್ಯ ವಿನ್ಯೇಸನ ಬಾಳಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಾಗಾದರೆ ಜುಲೈಯ ಸೋಮವಾರವನ್ನು ಬಿಟ್ಟುಬಿಡಬೇಕೆ? ನನ್ನ ಮನಸ್ಸು ಒಪ್ಪುವುದಿಲ್ಲ. ಸಾಗರ ವಿಶಾಲವಾದದ್ದು, ಯಾವ ದಡವನ್ನೂ ಮುಟ್ಟದೆ ಅದರಲ್ಲಿಯೇ ಅಡಗಿದ ಮಾರುತಗಳು ಎಷ್ಟೋ ಇವೆ, ಯಾರಿಗೂ ಬೇಡ, ನೀರಿನಲ್ಲೇ ಮುಗಿದುಹೋಗಲಿ ಎಂದು ಬೇಡುವುದಕ್ಕೆ ಅಡ್ಡಿಯಿಲ್ಲ. ಅಕ್ಟೋಬರಿನ ವಂದನೆ ಇದಕ್ಕಿಂತ ಕಠಿನವಾದದ್ದು. 2017ರ ಸೆಪ್ಟೆಂಬರ್ 6ರಂದು ಇರ್ಮಾ ಎಂಬ ಚಂಡಮಾರುತ ಬಾರ್ಬುಡಾವನ್ನು ನೆಲಸಮಮಾಡಿ, ಅದೇ ದಿನ ಸೇಂಟ್ ಥಾಮಸ್ ಮತ್ತು ಸೇಂಟ್ ಜಾನ್ ದ್ವೀಪಗಳನ್ನು ಧ್ವಂಸಗೊಳಿಸಿತು. ಬಾರ್ಬುಡಾದ ಜನರನ್ನೆಲ್ಲ ಆಂಟಿಗುವಾಕ್ಕೆ ಸಾಗಿಸಬೇಕಾಯಿತು. ದಕ್ಷಿಣದಲ್ಲಿದ್ದ ಸೇಂಟ್ ಕ್ರೋಯಿ ಬಹುಮಟ್ಟಿಗೆ ಉಳಿಯಿತು. ಉಳಿದ ಆ ದ್ವೀಪವೇ ನೆರೆಯ ಎರಡು ದ್ವೀಪಗಳಿಗೆ ಅನ್ನ, ನೀರು, ಔಷಧಗಳನ್ನು ಸಾಗಿಸುವ ನೆಲೆಯಾಯಿತು. ಪೋರ್ಟೊ ರೀಕೊದ ಸಾಮಾನ್ಯ ಜನ ತಮ್ಮ ಸ್ವಂತ ದೋಣಿಗಳಲ್ಲಿ ಸಾಮಾನು ತುಂಬಿಕೊಂಡು ಬಂದು, ಹಿಂದಿರುಗುವಾಗ ನಿರಾಶ್ರಿತರನ್ನು ಕರೆದೊಯ್ದರು. ಎರಡು ವಾರ ಕಳೆದಿರಲಿಲ್ಲ. ಸೆಪ್ಟೆಂಬರ್ 19ರ ರಾತ್ರಿ ಮರಿಯಾ ಎಂಬ ಮತ್ತೊಂದು ಚಂಡಮಾರುತ ಸೇಂಟ್ ಕ್ರೋಯಿಯನ್ನು ಹೊಡೆದು, ಮರುದಿನ ಬೆಳಗ್ಗೆ ಪೋರ್ಟೊ ರೀಕೊವನ್ನು ಹೊಕ್ಕಿತು. ಕೊಟ್ಟವರೇ ಬೇಡುವವರಾದರು. ಉಳಿದುದನ್ನು ಪುಣ್ಯದ ಫಲವೆಂದು ಎಣಿಸಿ ಮೊದಲ ಎರಡು ವಾರ ಸುಮ್ಮನೆ ಕುಳಿತಿದ್ದವನಿಗೆ ಆ ರಾತ್ರಿಯ ಗಾಳಿಯಲ್ಲಿ ಅರ್ಥವೇ ದೊರೆಯುತ್ತಿರಲಿಲ್ಲ; ದೋಣಿಗೆ ಅಕ್ಕಿಯ ಮೂಟೆಯನ್ನು ಏರಿಸಿದವನಿಗೆ, ಆ ಮೂಟೆಯನ್ನು ಏರಿಸುವಾಗ ತನ್ನ ಸರದಿಯನ್ನು ಕುರಿತು ಯಾವ ಲೆಕ್ಕವನ್ನೂ ಹಾಕದೆ ಇದ್ದುದರಿಂದ, ಅಂಥ ಅರ್ಥವನ್ನು ಹುಡುಕುವ ಅಗತ್ಯವೂ ಇರಲಿಲ್ಲವೆಂದು ನಾನು ನಂಬುತ್ತೇನೆ.