ಗೆಲುವಿನಲ್ಲಿ ಬೆಟ್ಟದ ಪಾಲು

ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಷಿಪ್ 2026ರಿಂದ ಪೂರ್ತಿಯಾಗಿ ಹವಾಯಿಯ ಕೋನಾಕ್ಕೆ ಮರಳುತ್ತಿದೆ. ಪುರುಷರು, ಮಹಿಳೆಯರು ಎಲ್ಲರೂ ಒಂದೇ ದಿನ. ಅದಕ್ಕೂ ಮುಂಚೆ ಮೂರು ವರ್ಷ ಕೋನಾ ಮತ್ತು ಫ್ರಾನ್ಸಿನ ನೀಸ್ ಅದನ್ನು ಹಂಚಿಕೊಂಡಿದ್ದವು. 2023ರಲ್ಲಿ ಪುರುಷರು ನೀಸ್‌ನಲ್ಲಿ, ಮಹಿಳೆಯರು ಕೋನಾದಲ್ಲಿ. 2024ರಲ್ಲಿ ಅದಲು ಬದಲು. 2025ರಲ್ಲಿ ಮತ್ತೆ ಮೊದಲಿನಂತೆ. ಸುದ್ದಿ ಬಂದಾಗ ನನ್ನ ಸೈಕಲ್ ಗೆಳೆಯರಲ್ಲಿ ಹಲವರು, ಸದ್ಯ, ಇನ್ನು ಮೇಲೆ ನಿಜವಾದ ಚಾಂಪಿಯನ್ನರು ಸಿಗುತ್ತಾರೆ ಅಂದರು. ನೀಸ್‌ನಲ್ಲಿ ಗೆದ್ದವರು ಹಾಗಾದರೆ ಯಾರು? ಬೆಟ್ಟದ ದಾರಿ ಬೇರೆಯವರನ್ನು ಗೆಲ್ಲಿಸಿತು ಎಂಬುದು ಗೆಳೆಯರ ತಕರಾರು. ಆ ಮಾತು ಸರಿಯೇ. ಆದರೆ ಅದರಿಂದ ಅವರು ತೆಗೆಯುವ ತೀರ್ಮಾನವನ್ನು ನಾನು ಒಪ್ಪಲಾರೆ.

ನೀಸ್‌ಗೆ ಹತ್ತಿರದ ಸೋಫಿಯಾ ಆಂಟಿಪೋಲಿಸ್‌ನಲ್ಲಿ ನನ್ನ ಉದ್ಯೋಗ. ಭಾನುವಾರಗಳಲ್ಲಿ ವಾನ್ಸ್ ಊರಿನಿಂದ ಮೇಲಕ್ಕೆ ಸೈಕಲ್ ತುಳಿಯುವವನು; ಈ ಬೆಟ್ಟಗಳ ಏರು ನನ್ನ ಮಂಡಿಗೆ ಗೊತ್ತು. ಕೋನಾ, ನೀಸ್ ಎರಡೂ ಊರುಗಳಲ್ಲಿ ಸ್ಪರ್ಧೆಯ ದೂರದ ಲೆಕ್ಕ ಒಂದೇ: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಓಟ. ನೆಲ ಮಾತ್ರ ಒಂದೇ ಅಲ್ಲ. ಕೋನಾದ ಸೈಕಲ್ ದಾರಿ ಕಪ್ಪು ಲಾವಾ ಬಯಲಿನ ನಡುವಿನ ಹೆದ್ದಾರಿಯಲ್ಲಿ ಹಾವಿ ಎಂಬ ಊರಿನವರೆಗೆ ಹೋಗಿ ಹಿಂದಿರುಗುತ್ತದೆ. ಏರಿಳಿತ ಅಲ್ಲೂ ಉಂಟು, ಆದರೆ ಸವಾರರನ್ನು ಹಣ್ಣು ಮಾಡುವುದು ಬಿಸಿಲು ಮತ್ತು ಅಡ್ಡಗಾಳಿ. ಆ ಗಾಳಿಯ ದೆಸೆಯಿಂದ ಡಿಸ್ಕ್ ಚಕ್ರವನ್ನೇ ಅಲ್ಲಿ ನಿಷೇಧಿಸಿದ್ದಾರೆ. ನೀಸ್‌ನ ದಾರಿಯೋ ಸಮುದ್ರದ ದಂಡೆ ಬಿಟ್ಟು ಆಲ್ಪ್ಸ್‌ನ ಅಂಚಿಗೆ ಹತ್ತುತ್ತದೆ. ಒಟ್ಟು ಏರು ಸುಮಾರು 2,400 ಮೀಟರ್. ಕೋಲ್ ದ ಲೆಕ್ರ್ ಎಂಬ ಘಟ್ಟದ ನೆತ್ತಿಯೇ 1,120 ಮೀಟರ್ ಎತ್ತರದಲ್ಲಿದೆ. ಸಮತಟ್ಟಿನಲ್ಲಿ ಸವಾರನ ಹೋರಾಟ ಗಾಳಿಯ ಜೊತೆಗೆ. ಅಲ್ಲಿ ಬಲವಾದ ದೊಡ್ಡ ಮೈಗೆ ಲಾಭ. ಏರಿನಲ್ಲಿ ಒಂದೊಂದು ಕಿಲೋ ತೂಕವನ್ನೂ ಹೊತ್ತೇ ಹೋಗಬೇಕು. ಹತ್ತಿದ್ದನ್ನು ಇಳಿಯಲೂ ಬೇಕು, ಅದಕ್ಕೆ ಬೇರೆಯೇ ಕೈಚಳಕ, ಬೇರೆಯೇ ಎದೆಗಾರಿಕೆ.

2024ರ ಸೆಪ್ಟೆಂಬರ್ 22ರಂದು ಮಹಿಳೆಯರ ಸ್ಪರ್ಧೆಗೆ ಸ್ವಯಂಸೇವಕನಾಗಿ ಏರುದಾರಿಯಲ್ಲಿ ನೀರು ಕೊಡಲು ನಿಂತಿದ್ದೆ. ಬಾಟಲಿಯ ಕತ್ತನ್ನು ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿದು, ತೋಳು ಚಾಚಿ, ಬರುವವರ ಜೊತೆ ನಾಲ್ಕು ಹೆಜ್ಜೆ ಓಡಬೇಕು. ಬಿಗಿಯಾಗಿ ಹಿಡಿದರೆ ಅವರ ಆಯ ತಪ್ಪುತ್ತದೆ. ಮುಂಚೂಣಿಯವರು ಹೋಗಿ ಬಹಳ ಹೊತ್ತಾದ ಮೇಲೆ ಎತ್ತರದ, ಅಗಲ ಭುಜದ ಒಬ್ಬರು ಬಂದರು. ತೀರಾ ಹಗುರ ಗೇರಿನಲ್ಲಿದ್ದರೂ ಪೆಡಲು ಅರ್ಧ ಸುತ್ತಿಗೊಮ್ಮೆ ತಡೆದು ತಡೆದು ತಿರುಗುತ್ತಿತ್ತು. ಬೆನ್ನಿನ ಮೇಲೆ ಬೆವರು ಒಣಗಿ ಬಟ್ಟೆಯಲ್ಲಿ ಉಪ್ಪಿನ ಬಿಳಿ ಗೆರೆ ಮೂಡಿತ್ತು. ಅವರ ಭುಜದಷ್ಟೂ ಎತ್ತರವಿಲ್ಲದ, ವಯಸ್ಸಿನಲ್ಲಿ ಇನ್ನೂ ಹಿರಿಯರಾದ ಮತ್ತೊಬ್ಬರು ಪಕ್ಕದಲ್ಲೇ ಸಲೀಸಾಗಿ ದಾಟಿ ಹೋದರು. ಬಾಟಲಿ ಇಸಿದುಕೊಳ್ಳುತ್ತ ಎತ್ತರದವರು ನನಗೆ ಹೇಳಿದ್ದು ಇಷ್ಟೇ: ‘ಸಮುದ್ರದಲ್ಲಿ ಇವರನ್ನೆಲ್ಲ ಹಿಂದೆ ಹಾಕಿದ್ದೆ.’ ದನಿಯಲ್ಲಿ ದೂರು ಇರಲಿಲ್ಲ. ನೀರಿನಲ್ಲಿ ತನ್ನನ್ನು ಎತ್ತಿ ಹಿಡಿದ ಮೈಯೇ ಇಲ್ಲಿ ಕೆಳಕ್ಕೆ ಎಳೆಯುತ್ತಿದೆ ಎಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಹುಣಸೂರಿನ ಮನೆಯಲ್ಲಿ ತಾತ ನಮಗೆ ಗೀತೆ ಹೇಳಿಕೊಡುವಾಗ 18ನೆಯ ಅಧ್ಯಾಯದ ಒಂದು ಕಡೆ ನಿಲ್ಲಿಸಿ ಬೆರಳು ಮಡಿಸುತ್ತಿದ್ದರು. ಯಾವ ಕೆಲಸ ನಡೆಯಬೇಕಾದರೂ ಐದು ಕೂಡಬೇಕು: ಅಧಿಷ್ಠಾನ, ಕರ್ತೃ, ಕರಣಗಳು, ಚೇಷ್ಟೆಗಳು, ಐದನೆಯದು ದೈವ. ಹೀಗಿರುವಾಗ ತಾನೊಬ್ಬನೇ ಮಾಡಿದೆ ಎಂದುಕೊಳ್ಳುವವನಿಗೆ ಏನೂ ಕಾಣುವುದಿಲ್ಲ ಎಂದು ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಶಂಕರರು ತಮ್ಮ ಭಾಷ್ಯದಲ್ಲಿ ಅಧಿಷ್ಠಾನವನ್ನು ಶರೀರ ಎಂದೇ ಹಿಡಿಯುತ್ತಾರೆ. ನಾನು ಅದರ ಜೊತೆಗೆ ಶರೀರ ನಿಂತ ನೆಲವನ್ನೂ ಸೇರಿಸಿಕೊಳ್ಳುತ್ತೇನೆ, ಏಕೆಂದರೆ ಮೈ ಭಾರವೋ ಹಗುರವೋ ಎಂಬ ಪ್ರಶ್ನೆ ಏಳುವುದೇ ಏರು ಎದುರಾದಾಗ. ನೆಲ ಬದಲಾದರೆ ಉಳಿದ ನಾಲ್ಕೂ ಬದಲಾಗುತ್ತವೆ. ಯಾವ ಚಕ್ರ ಹಾಕಬೇಕು, ಎಲ್ಲಿ ಬಲ ಕೂಡಿಟ್ಟುಕೊಳ್ಳಬೇಕು, ಓಟಕ್ಕೆ ಇಳಿಯುವಾಗ ಕಾಲಿನಲ್ಲಿ ಎಷ್ಟು ಉಳಿದಿರುತ್ತದೆ, ಎಲ್ಲವೂ.

2023ರಲ್ಲಿ ಲೂಸಿ ಚಾರ್ಲ್ಸ್-ಬಾರ್ಕ್ಲೇ ಕೋನಾದಲ್ಲಿ ಗೆದ್ದದ್ದು 8 ಗಂಟೆ 24 ನಿಮಿಷ 31 ಸೆಕೆಂಡಿನಲ್ಲಿ. ಮರುವರ್ಷ ನೀಸ್‌ನಲ್ಲಿ ಲಾರಾ ಫಿಲಿಪ್ ಗೆದ್ದದ್ದು 8 ಗಂಟೆ 45 ನಿಮಿಷ 15 ಸೆಕೆಂಡಿನಲ್ಲಿ. ಈ ಇಪ್ಪತ್ತು ನಿಮಿಷ ಯಾರ ಲೆಕ್ಕಕ್ಕೆ? ಲಾರಾ ನಿಧಾನ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ; ಬೆಟ್ಟ ತೆಗೆದುಕೊಂಡಿತು ಅನ್ನುತ್ತೇವೆ. ಸೋಲಿನ, ತಡವಾದದ್ದರ ಪಾಲನ್ನು ಬೆಟ್ಟಕ್ಕೆ ಕೊಡಲು ನಾವು ಸಿದ್ಧ. ಕೋನಾದ ಹೆದ್ದಾರಿ ದಯಪಾಲಿಸಿದ ನಿಮಿಷಗಳನ್ನು ಮಾತ್ರ ಸವಾರನ ಖಾತೆಗೇ ಬರೆಯುತ್ತೇವೆ. ಈ ಪಕ್ಷಪಾತವೇ ನನ್ನನ್ನು ಕಾಡುವುದು. ನೀಸ್‌ನ ಬೆಟ್ಟ ಗೆಲುವಿನೊಳಗೆ ಕೈ ಹಾಕಿದೆ ಎಂದಾದರೆ ಕೋನಾದ ಬಯಲೂ ಕೈ ಹಾಕಿದೆ. ನಲವತ್ತು ವರ್ಷ ಕಣ್ಣ ಮುಂದೇ ಇದ್ದುದರಿಂದ ಅದು ಕಾಣದೆ ಹೋಯಿತು, ಅಷ್ಟೆ.

ಕೋನಾದ್ದೇ ಮೂಲ ದಾರಿ ಎಂಬ ಮಾತೂ ನಿಲ್ಲುವುದಿಲ್ಲ. ಈ ಸ್ಪರ್ಧೆ ಹುಟ್ಟಿದ್ದು ಕೋನಾದಲ್ಲಲ್ಲ, 1978ರ ಫೆಬ್ರವರಿಯಲ್ಲಿ ಒವಾಹು ದ್ವೀಪದಲ್ಲಿ. ನೌಕಾಪಡೆಯ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಅಲ್ಲಿ ಮೊದಲೇ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದಕ್ಕೊಂದು ಹೊಲಿದರು. ದ್ವೀಪ ಸುತ್ತುವ ಸೈಕಲ್ ಸ್ಪರ್ಧೆ 115 ಮೈಲಿಯದು. ಈಜು ಮುಗಿದಲ್ಲಿಂದ ಹೊರಟು ಮ್ಯಾರಥಾನ್ ಶುರುವಾಗುವಲ್ಲಿಗೆ ತಲುಪಲೆಂದು ಅದರಲ್ಲಿ ಮೂರು ಮೈಲಿ ಕತ್ತರಿಸಿದರು. ಇಂದು ಜಗತ್ತೆಲ್ಲ ಮಾನದಂಡವೆಂದು ಪೂಜಿಸುವ 112 ಮೈಲಿ, ಅಂದರೆ 180 ಕಿ.ಮೀ., ಬಂದದ್ದು ಹೀಗೆ. ಮೊದಲ ಬಾರಿ ಹೊರಟವರು 15 ಮಂದಿ, ಮುಗಿಸಿದವರು 12. 1981ರಲ್ಲಿ ವ್ಯಾಲೆರಿ ಸಿಲ್ಕ್ ಅದನ್ನು ಒವಾಹುವಿನ ನಗರದಿಂದ ಜನ ಕಡಿಮೆಯಿರುವ, ಕೋನಾ ಇರುವ ದೊಡ್ಡ ದ್ವೀಪಕ್ಕೆ ಸಾಗಿಸಿದರು. ಕೋನಾ ಕೂಡ ವಲಸೆ ಬಂದ ಜಾಗವೇ.

ನೆಲ ಎಂದಾಗ ಅಲ್ಲಿ ಬದುಕುವವರನ್ನು ಬಿಟ್ಟು ಮಾತಾಡುವಂತಿಲ್ಲ. 2022ರಲ್ಲಿ ಕೋನಾದಲ್ಲಿ ಸ್ಪರ್ಧೆ ಎರಡು ದಿನ ನಡೆಯಿತು. ಒಂದೇ ವಾರದಲ್ಲಿ ಎರಡು ದಿನ ರಸ್ತೆ ಬಂದ್ ಆದದ್ದು ಊರಿನವರಿಗೆ ಹೊರೆಯಾಯಿತು. ಎರಡನೆಯ ದಿನ ಬೇಡ ಎಂದಾಯಿತು, ಸ್ಪರ್ಧೆಯ ಅರ್ಧ ಸಾಗರ ದಾಟಿ ಇಲ್ಲಿಗೆ ಬಂತು. ಕೆಲಸಕ್ಕೆ, ಆಸ್ಪತ್ರೆಗೆ, ಅಂಗಡಿಗೆ ಆ ಒಂದೇ ಹೆದ್ದಾರಿಯಲ್ಲಿ ಹೋಗಬೇಕಾದವರ ಬೇಸರವೂ ಹೀಗೆ ವಿಶ್ವ ಚಾಂಪಿಯನ್ ಯಾರೆಂಬುದನ್ನು ನಿರ್ಧರಿಸಿದೆ. ನನ್ನ ತಾತನಿಗೆ ಹೇಳಿದ್ದರೆ ಐದನೆಯ ಬೆರಳು ಮಡಿಸುತ್ತಿದ್ದರು.

ನಮ್ಮ ಸೈಕಲ್ ಕ್ಲಬ್ಬಿನ ಹಿರಿಯರೊಬ್ಬರು ಈ ವಾದಕ್ಕೆ ಸಿಟ್ಟಾಗುತ್ತಾರೆ. ಎಲ್ಲವೂ ನೆಲದ್ದು, ಗಾಳಿಯದ್ದು, ದೈವದ್ದು ಅಂದರೆ ಬೆಳಿಗ್ಗೆ ನಾಲ್ಕಕ್ಕೆದ್ದು ಬೆವರು ಸುರಿಸುವವರಿಗೆ ಏನು ಉಳಿಯಿತು ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ನಾನು ಅವರಿಗೆ 2025ರ ಅಕ್ಟೋಬರಿನ ಕೋನಾವನ್ನು ನೆನಪಿಸಿದೆ. ಮುಂದಿದ್ದ ಇಬ್ಬರಲ್ಲಿ ಲೂಸಿ ಚಾರ್ಲ್ಸ್-ಬಾರ್ಕ್ಲೇ ಆ ಬಿಸಿಲಿನಲ್ಲಿ ಓಟದ ನಡುವೆ ನಿಂತರು. ಆಮೇಲೆ ಮೊದಲ ಸ್ಥಾನದಲ್ಲಿ ಓಡುತ್ತಿದ್ದ ಟೇಲರ್ ನಿಬ್, ಗುರಿಗೆ ಕೆಲವೇ ಕಿಲೋಮೀಟರ್ ಇರುವಾಗ ರಸ್ತೆಯಲ್ಲೇ ಕುಳಿತುಬಿಟ್ಟರು. ಗೆದ್ದದ್ದು ನಾರ್ವೆಯ ಸೋಲ್ವೈಗ್ ಲೋವ್‌ಸೆತ್. ಅವರ ಗೆಲುವು ಪೂರ್ತಿ ಅವರದು, ಅದರಿಂದ ಒಂದು ಸೆಕೆಂಡನ್ನೂ ಕಳೆಯಬೇಕಿಲ್ಲ. ಆದರೆ ಟೇಲರ್ ಅಷ್ಟು ದೂರ ಮಾಡಿದ್ದು ಕೆಲಸವಲ್ಲವೇ? ಕೃಷ್ಣನ ಪಟ್ಟಿಯಲ್ಲಿ ಚೇಷ್ಟೆ ಇದ್ದೇ ಇದೆ. ಐದರಲ್ಲಿ ಒಂದು ಎಂದ ಮಾತ್ರಕ್ಕೆ ಅದು ಸೊನ್ನೆಯಾಗುವುದಿಲ್ಲ. ಬೆಟ್ಟದ ಪಾಲನ್ನು ಬೆಟ್ಟಕ್ಕೆ, ಬಿಸಿಲಿನ ಪಾಲನ್ನು ಬಿಸಿಲಿಗೆ ಬಿಟ್ಟಾಗ ಟೇಲರ್ ಪಾಲಿನದು ಎಷ್ಟೆಂದು ನೋಡುವುದು ಸಾಧ್ಯವಾಗುತ್ತದೆ, ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಸಮಯವೇ ಇಲ್ಲದಿದ್ದರೂ. ಹಿರಿಯರು ಇದನ್ನು ಒಪ್ಪಿಲ್ಲ. ಮುಗಿಸಿದವರದಷ್ಟೇ ಲೆಕ್ಕ ಎಂಬ ಅವರ ನಿಲುವು ಹಾಗೇ ಇದೆ, ನನ್ನದೂ ಹಾಗೇ ಇದೆ. ಮುಂದಿನ ಭಾನುವಾರ ಮತ್ತೆ ಇದೇ ಚರ್ಚೆ ಮಾಡುತ್ತ ವಾನ್ಸ್‌ನಿಂದ ಮೇಲಕ್ಕೆ ಹೊರಡುತ್ತೇವೆ.