ಆಪ್ತನ ಮಾತು

ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್ ವಿಂಡ್ಸರಿನ ನೆರೆಯೂರು ಹ್ಯಾಮಿಲ್ಟನ್. ಅಲ್ಲಿನ ಅಂಚೆ ಕೇಂದ್ರದಿಂದ ಮಾರಕ ಆಂಥ್ರಾಕ್ಸ್ ರೋಗಾಣುವಿನ ಪುಡಿ ತುಂಬಿದ ಪತ್ರಗಳು ಹಾದುಹೋಗಿದ್ದು 2001ರ ಅಕ್ಟೋಬರ್‌ನಲ್ಲಿ ಬಯಲಾಯಿತು. ನೌಕರರಿಗೆ ಔಷಧ ಬೇಕೇ? ದೇಶದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮೊದಲು ಅಗತ್ಯವಿಲ್ಲವೆಂದಿತು. ರಾಜ್ಯದ ಅಧಿಕಾರಿಗಳು ನಿಮ್ಮ ನಿಮ್ಮ ವೈದ್ಯರ ಬಳಿ ಹೋಗಿ ಎಂದರು. ಮೇಯರ್ ಗ್ಲೆನ್ ಗಿಲ್ಮೋರ್ ಕಾಯದೆ ಊರಿನ ಆಸ್ಪತ್ರೆಯಲ್ಲೇ ಸಿಪ್ರೊ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಕೊಡಿಸಿದರು.

ಯಾರ ಮಾತು ಪ್ರಮಾಣ?

ಆಪ್ತನ ಉಪದೇಶವೇ ಶಬ್ದಪ್ರಮಾಣ ಎನ್ನುತ್ತದೆ ನ್ಯಾಯಸೂತ್ರ. ಆಪ್ತನೆಂದರೆ ಇಲ್ಲಿ ನೆಂಟನಲ್ಲ. ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲದ್ದನ್ನು ಇದ್ದಂತೆ ಹೇಳುವವನು. ಋಷಿಯಾಗಲಿ ಮ್ಲೇಚ್ಛನಾಗಲಿ ಲಕ್ಷಣ ಒಂದೇ ಎಂದ ಭಾಷ್ಯಕಾರ ವಾತ್ಸ್ಯಾಯನ. ಆ ಕಾಲಕ್ಕೆ ಎಂಥ ಧೈರ್ಯ!

ಜನ ಮಾತ್ರ ಲಕ್ಷಣಕ್ಕಿಂತ ಮುಖ ನೋಡಿ ನಂಬುವುದೇ ಹೆಚ್ಚು. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಬರೆದನೆನ್ನಲಾದ ಮೈಸೂರಿನ ಚಿತ್ರವೊಂದರಲ್ಲಿ ಬಲಗಡೆಯ ಯುವತಿ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎನ್ನುತ್ತಾರೆ ಇತಿಹಾಸಕಾರ ನೈಜೆಲ್ ಚಾನ್ಸೆಲರ್. ಸಿಡುಬನ್ನು ‘ಅಮ್ಮ’ ಎಂದು ಕರೆದು ಬೇವಿನ ಸೊಪ್ಪು ಕಟ್ಟುತ್ತಿದ್ದ ನಾಡಿಗೆ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನ ನೂರು ವಾದಕ್ಕಿಂತ ರಾಣಿಯ ತೋಳೇ ಸಾಕ್ಷಿ ಎಂದು ಚಿತ್ರ ಬರೆಸಿದವರು ಎಣಿಸಿದ್ದರೆ, ಲೆಕ್ಕ ತಪ್ಪಲ್ಲ.

ಅತ್ತ ಹ್ಯಾಮಿಲ್ಟನ್‌ನ ನೌಕರರಿಗೆ ಕೊನೆಗೆ ಸಿಡಿಸಿಯೂ 60 ದಿನಗಳ ಔಷಧ ಸೂಚಿಸಿತು.